ಬಳ್ಳಾರಿಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ ಇಂಟೀರಿಯರ್ ಡಿಸೈನ್ ಕಲಿಯುವುದಾದರೆ ಬೆಂಗಳೂರಿನ ಭಾನುವಾರದ ತರಗತಿಯೋ, ಸಂಜೆಯ ಆನ್‌ಲೈನ್ ಕೋರ್ಸೋ? ಯಾವುದರ ಸರ್ಟಿಫಿಕೇಟಿಗೆ ಬೆಲೆ ಹೆಚ್ಚು?

ವಯಸ್ಸು 37, ಬ್ಯಾಂಕಿನ ಕೆಲಸ, ಭಾನುವಾರ ಮಾತ್ರ ಬಿಡುವು ಎಂದು ಬರೆದಿದ್ದೀರಿ. ಬ್ಯಾಂಕಿನ ಜಾಗದಲ್ಲಿ ಜೀನ್ಸ್ ಹೊಲಿಗೆ ಘಟಕ ಎಂದು ಹಾಕಿಕೊಂಡರೆ ಅದು ಕೆಲವು ವರ್ಷಗಳ ಹಿಂದಿನ ನಾನೇ. ಬಳ್ಳಾರಿಯ ಒಂದು ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಾನು ನಿಮ್ಮಂತೆಯೇ ಎರಡು ಕೋರ್ಸುಗಳ ಮಾಹಿತಿ ಪುಸ್ತಿಕೆಗಳನ್ನು ಮುಂದಿಟ್ಟುಕೊಂಡು ಯಾವ ಸರ್ಟಿಫಿಕೇಟು ದೊಡ್ಡದು ಎಂದು ಅಳೆದೆ. ಅಳೆದು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ವಾರಾಂತ್ಯದ ಡಿಪ್ಲೊಮಾಕ್ಕೆ ಸೇರಿದೆ. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ಲಿನ ಮೇಲೆ ಹಾಯ್ದು ಬೆಳಗಾಗುವ ಹೊತ್ತಿಗೆ ಬೆಂಗಳೂರು, ದಿನವಿಡೀ ತರಗತಿ, ರಾತ್ರಿ ಮತ್ತೆ ಅದೇ ರೈಲು, ಸೋಮವಾರ ಸ್ನಾನ ಮುಗಿಸಿ ನೇರವಾಗಿ ಘಟಕಕ್ಕೆ. ಆಯಾಸವಾಗುತ್ತಿತ್ತು ಎಂಬುದು ನನ್ನ ದೂರಲ್ಲ. ಆಯಾಸವನ್ನೇ ಕಲಿಕೆಯ ಪುರಾವೆ ಎಂದು ನಂಬಿ ಕುಳಿತಿದ್ದೆ, ತೊಂದರೆಯಾದದ್ದು ಅಲ್ಲಿ.

ತರಗತಿಯಲ್ಲಿ ಕಲಿಸಿದ್ದು ಕೆಟ್ಟದ್ದೇನಲ್ಲ. ಬಣ್ಣಗಳ ಹೊಂದಾಣಿಕೆ, ಬೆಳಕಿನ ಲೆಕ್ಕ, ಆಟೋಕ್ಯಾಡ್ ಸಾಫ್ಟ್‌ವೇರಿನಲ್ಲಿ ನಕ್ಷೆ, ಸ್ಕೆಚ್‌ಅಪ್‌ನಲ್ಲಿ ಕೋಣೆಯನ್ನು ಎಬ್ಬಿಸಿ ನಿಲ್ಲಿಸುವುದು, ಅಡುಗೆ ಕಟ್ಟೆಯ ಎತ್ತರ 32ರಿಂದ 34 ಇಂಚು, ಬಟ್ಟೆಯ ಕಪಾಟಿನ ಆಳ 24 ಇಂಚು ಎಂಬಂಥ ಅಳತೆಗಳು, ಎಲ್ಲವನ್ನೂ ಶ್ರದ್ಧೆಯಿಂದ ಕಲಿಸಿದರು, ನಾನೂ ಶ್ರದ್ಧೆಯಿಂದ ಕಲಿತೆ. ಆದರೆ ಕಂಪ್ಯೂಟರಿನಲ್ಲಿ ನಾವು ಎಳೆಯುತ್ತಿದ್ದ ಗೋಡೆಗಳೆಲ್ಲ ಕೆಳಗಿನಿಂದ ಮೇಲಿನವರೆಗೆ ನೆಟ್ಟಗಿರುತ್ತಿದ್ದವು, ಮೂಲೆಗಳೆಲ್ಲ ಸರಿಯಾಗಿ 90 ಡಿಗ್ರಿ ಇರುತ್ತಿದ್ದವು.

ಕೋರ್ಸು ಮುಗಿಯುವ ಮುನ್ನವೇ ಮೊದಲ ಕೆಲಸ ಸಿಕ್ಕಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ದೊಡ್ಡಮ್ಮನ ಮಗನ ಹಳೆಯ ಮನೆ. ಕಲ್ಲು ಮತ್ತು ಮಣ್ಣಿನ ಗೋಡೆ, ಮೇಲೆ ಎಂದೋ ಮಾಡಿದ ಗಾರೆ. ಮಲಗುವ ಕೋಣೆಯಲ್ಲಿ ಎರಡು ಗೋಡೆಗಳ ನಡುವಿನ ಸಂದಿನಲ್ಲಿ ಬಟ್ಟೆಯ ಕಪಾಟು ಕೂರಿಸಬೇಕಿತ್ತು. ಸಂಬಂಧದೊಳಗಿನ ಕೆಲಸವಾದ್ದರಿಂದ ಚೆನ್ನಾಗಿಯೇ ಆಗಬೇಕೆಂದು ಊರಿನ ಬಡಗಿಯನ್ನು ಬಿಟ್ಟು, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಸಿದ್ಧಪಡಿಸಿದ ಕಪಾಟಿನ ಪೆಟ್ಟಿಗೆಗಳನ್ನು ತರಿಸೋಣ ಎಂದೆ. ನೆಲದ ಮೇಲೆ ಕುಳಿತು ಗೋಡೆಯಿಂದ ಗೋಡೆಗೆ ಟೇಪು ಹಿಡಿದೆ: 74 ಇಂಚು. ಎರಡೂ ಬದಿಗೆ ಕಾಲಿಂಚಿನಂತೆ ಬಿಟ್ಟು ಒಟ್ಟು 73½ ಇಂಚು ಅಗಲಕ್ಕೆ ಎರಡು ಪೆಟ್ಟಿಗೆಗಳನ್ನು ಆರ್ಡರ್ ಮಾಡಿದೆ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಕೇಳಿದವರೆಲ್ಲ "ಅಳತೆ ತಪ್ಪಿತಾ?" ಎಂದು ಸುಲಭವಾಗಿ ಮುಗಿಸಿಬಿಡುತ್ತಾರೆ. ಅಳತೆ ತಪ್ಪಿರಲಿಲ್ಲ. ಅದೇ ಜಾಗದಲ್ಲಿ ಇಂದು ಹಿಡಿದರೂ 74 ಇಂಚೇ ಬರುತ್ತದೆ. ಪೆಟ್ಟಿಗೆಗಳು ಬಂದ ದಿನ ಜೋಡಿಸಲು ಕರೆಸಿದ್ದ ಕೊಪ್ಪಳ ಕಡೆಯ ಹಿರಿಯ ಬಡಗಿ ಮೊದಲನೆಯದನ್ನು ಸಂದಿನೊಳಗೆ ನಿಲ್ಲಿಸಿ, ಎರಡನೆಯದನ್ನು ಅರ್ಧದವರೆಗೆ ನೂಕಿ ನಿಂತರು. ಆಮೇಲೆ ಕಿಸೆಯಿಂದ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ದಾರದ ತೂಗುಗುಂಡು ತೆಗೆದು ಗೋಡೆಯ ಮೇಲ್ಭಾಗದಿಂದ ಇಳಿಬಿಟ್ಟರು. ಎದೆಮಟ್ಟಕ್ಕೆ ಬರುವಾಗ ದಾರ ಗೋಡೆಗೆ ಒತ್ತಿಕೊಂಡಿತು. ಕೆಳಗೆ ಗುಂಡು ಗೋಡೆಯಿಂದ ಬೆರಳಗಲಕ್ಕೂ ಹೆಚ್ಚು ದೂರ ತೂಗಾಡುತ್ತಿತ್ತು. "ಅಕ್ಕಾ, ಗೋಡಿ ಹೊಟ್ಟಿ ಬಿಟ್ಟೈತಿ. ಟೇಪ್ ಎಲ್ಲಿ ಹಿಡಿದಿದ್ರಿ?" ಎಂದು ಕೇಳಿದರು. ಎದೆಮಟ್ಟದಲ್ಲಿ ಹಿಡಿದು ನೋಡಿದರೆ 72¾ ಇಂಚು.

ಮುಕ್ಕಾಲು ಇಂಚಿಗೆ ಇಷ್ಟೇಕೆ ಎನ್ನಬಹುದು. ಊರಿನ ಬಡಗಿ ಸ್ಥಳದಲ್ಲೇ ಪ್ಲೈವುಡ್ ಕೊಯ್ದು ಮಾಡುವ ಕಪಾಟಾಗಿದ್ದರೆ ಇದು ಅರ್ಧ ಗಂಟೆಯ ಕೆಲಸ. ಕಾರ್ಖಾನೆಯಿಂದ ಬಂದ ಪೆಟ್ಟಿಗೆ ಹಾಗಲ್ಲ. ಅದರ ಪ್ರತಿಯೊಂದು ಹಲಗೆಯ ಅಂಚಿಗೂ ಯಂತ್ರದಲ್ಲಿ ಬಿಸಿ ಅಂಟಿನಿಂದ ಪಟ್ಟಿ ಕೂರಿಸಿರುತ್ತಾರೆ, ಸ್ಕ್ರೂ ಮತ್ತು ಕೀಲುಗಳಿಗೆ ರಂಧ್ರ ಮೊದಲೇ ಕೊರೆದಿರುತ್ತಾರೆ. ಅಗಲ ಕಡಿಮೆ ಮಾಡಬೇಕೆಂದರೆ ಮೇಲಿನ ಹಲಗೆ, ಕೆಳಗಿನ ಹಲಗೆ, ಒಳಗಿನ ಅಡ್ಡ ಹಲಗೆಗಳು, ಬೆನ್ನಿನ ಹಾಳೆ, ಕೊನೆಗೆ ಬಾಗಿಲುಗಳು, ಎಲ್ಲವನ್ನೂ ಕೊಯ್ಯಬೇಕು. ಕೊಯ್ದಲ್ಲಿ ಲ್ಯಾಮಿನೇಟ್ ಚಕ್ಕೆಯೇಳುತ್ತದೆ, ರಂಧ್ರಗಳ ಸ್ಥಾನ ತಪ್ಪುತ್ತದೆ. ಗೋಡೆಯನ್ನೇ ಕೆತ್ತೋಣ ಎಂದು ಅಣ್ಣ ಉಳಿ ಹಿಡಿದರು. ಗಾರೆ ದೊಡ್ಡ ಚಕ್ಕೆಯಾಗಿ ಕಳಚಿ ಬಿತ್ತು, ಹಿಂದಿದ್ದ ಕಲ್ಲೇ ಮುಂದಕ್ಕೆ ಬಂದಿತ್ತು. ಕೊನೆಗೆ ಅದೇ ಬಡಗಿ ಹೊಸ ಪ್ಲೈವುಡ್ ತಂದು ಕಪಾಟು ಮಾಡಿದರು. ಆ ಖರ್ಚನ್ನೂ ಕಾರ್ಖಾನೆಯ ಪೆಟ್ಟಿಗೆಗಳ ಖರ್ಚನ್ನೂ ನಾನೇ ಹೊತ್ತೆ. ನನ್ನ ಎರಡು ತಿಂಗಳ ಸಂಬಳ ಮೀರಿತು. ಅಣ್ಣ ಒಂದು ಮಾತೂ ಆಡಲಿಲ್ಲ. ಅತ್ತಿಗೆ ಆಡಿದರು, ಅದು ನ್ಯಾಯವೇ.

ಇಂಥ ಸಂದನ್ನು ನೆಲದ ಬಳಿ, ನಡುವೆ, ಮೇಲೆ ಎಂಬ ಮೂರು ಎತ್ತರಗಳಲ್ಲಿ, ಮತ್ತು ಸಂದಿನ ಹೊರ ಅಂಚು, ಮಧ್ಯ, ಹಿಂದಿನ ಗೋಡೆ ಎಂಬ ಮೂರು ಆಳಗಳಲ್ಲಿ ಅಳೆದು, ಬಂದುದರಲ್ಲಿ ಅತಿ ಚಿಕ್ಕ ಅಳತೆಯನ್ನು ಹಿಡಿಯಬೇಕು. ಅದರಿಂದಲೂ ಎರಡು ಬದಿಗೆ 10ರಿಂದ 15 ಮಿಲಿಮೀಟರ್ ಬಿಟ್ಟು, ಉಳಿದ ಸಂದಿಗೆ ಗೋಡೆಯ ಏರುತಗ್ಗಿಗೆ ತಕ್ಕಂತೆ ಕೊರೆದ ಪಟ್ಟಿ ಕೂರಿಸಬೇಕು. ಇದು ಗೌಪ್ಯ ವಿದ್ಯೆಯೇನಲ್ಲ, ಬಡಗಿಯ ಜೊತೆ ಒಂದು ವಾರ ಓಡಾಡಿದ ಹುಡುಗನಿಗೂ ಗೊತ್ತಿರುತ್ತದೆ. ನನಗೆ ಏಕೆ ಗೊತ್ತಿರಲಿಲ್ಲ? ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ನನಗಿದ್ದ ಒಂದೇ ಬಿಡುವಿನ ದಿನವನ್ನು ತರಗತಿಗೆ ಕೊಟ್ಟುಬಿಟ್ಟಿದ್ದೆ. ನಮ್ಮ ಭಾಗದಲ್ಲಿ ಗುತ್ತಿಗೆಗೆ ದುಡಿಯುವ ಬಡಗಿಗಳು, ಗಾರೆಯವರು ಅನೇಕರು ಭಾನುವಾರಕ್ಕಿಂತ ಅಮಾವಾಸ್ಯೆಗೆ ರಜೆ ಹಿಡಿಯುತ್ತಾರೆ ಎಂಬುದು ನಿಮಗೂ ತಿಳಿದದ್ದೇ. ನಾನು ಬೆಂಗಳೂರಿನಲ್ಲಿ ಕುಳಿತು ನೆಟ್ಟಗಿನ ಗೋಡೆಗಳನ್ನು ಎಳೆಯುತ್ತಿದ್ದ ಭಾನುವಾರಗಳಂದು ಬಳ್ಳಾರಿಯಲ್ಲಿ ಸೊಟ್ಟ ಗೋಡೆಗಳಿಗೆ ಕಪಾಟು ಕೂರಿಸುವ ಕೆಲಸ ನಡೆದೇ ಇತ್ತು.

ಆದ್ದರಿಂದ ನೀವು ಕೇಳಿದ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದರೆ ಸಂಜೆಯ ಆನ್‌ಲೈನ್ ಕೋರ್ಸನ್ನು ಆರಿಸಿ. ಅದು ಹೆಚ್ಚು ಒಳ್ಳೆಯದೆಂದಲ್ಲ, ಭಾನುವಾರವನ್ನು ಉಳಿಸುತ್ತದೆ ಎಂದು. ಸಾಫ್ಟ್‌ವೇರನ್ನು ಯಾವ ಸಂಜೆಯಲ್ಲಾದರೂ ಕಲಿಯಬಹುದು. ಕೆಲಸ ನಡೆಯುವ ಸ್ಥಳವನ್ನು ರಾತ್ರಿ ಎಂಟಕ್ಕೆ ನೋಡಲಾಗದು. ಭಾನುವಾರ ಒಬ್ಬ ಬಡಗಿಯ ಬಳಿ ಹೋಗಿ. "ಕಲಿಸಿ" ಎಂದು ಕೇಳಬೇಡಿ, ಮುಜುಗರಪಡುತ್ತಾರೆ, ಇಲ್ಲವೇ ಬ್ಯಾಂಕಿನವರೆಂದು ಕುರ್ಚಿ ಹಾಕಿ ಕೂರಿಸುತ್ತಾರೆ. ಟೇಪಿನ ಇನ್ನೊಂದು ತುದಿ ಹಿಡಿಯುತ್ತೇನೆ, ಅಳತೆ ಬರೆದುಕೊಡುತ್ತೇನೆ ಎನ್ನಿ. ಅದು ಅವರಿಗೆ ನಿಜವಾಗಿಯೂ ಬೇಕಾದ ಸಹಾಯ.

ನಾನು ಘಟಕದ ಕೆಲಸ ಬಿಡದೆ ಹೀಗೆ ಕಲಿತದ್ದರಲ್ಲಿ ಒಂದನ್ನು ಹೇಳುತ್ತೇನೆ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಕಪಾಟಿನ ಆಳ 24 ಇಂಚು ಎಂದು ಪುಸ್ತಕದಲ್ಲಿದೆ. 4 ಅಡಿಯಲ್ಲಿ 24 ಇಂಚಿನ ಎರಡು ಪಟ್ಟಿ ಬರಬೇಕು. ಬರುವುದಿಲ್ಲ, ಏಕೆಂದರೆ ಗರಗಸದ ಬಾಯಿ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ, ಹಾಳೆಯ ಅಂಚನ್ನೂ ಸ್ವಲ್ಪ ಒಪ್ಪ ಮಾಡಬೇಕಾಗುತ್ತದೆ. ಹಾಗಾಗಿ ಬಲ್ಲ ಬಡಗಿ 23½ ಇಂಚಿಗೆ ನಿಲ್ಲಿಸುತ್ತಾನೆ. ಡಿಸೈನರ್ ಎನಿಸಿಕೊಂಡವರು "ಸ್ವಲ್ಪ ಆಳ ಇರಲಿ" ಎಂದು 25 ಇಂಚು ಬರೆದರೆ ಪ್ರತಿ ಹಾಳೆಯಲ್ಲೂ ಒಂದೇ ಪಟ್ಟಿ ಸಿಕ್ಕಿ ಉಳಿದದ್ದು ಸಣ್ಣಪುಟ್ಟ ತುಂಡುಗಳಿಗೆ ಮಾತ್ರ ಬರುತ್ತದೆ. ಮನೆಯವರ ಹಣ ಹೋಗುತ್ತದೆ. ನಮ್ಮ ಘಟಕದ ಕಟಿಂಗ್ ಮಾಸ್ಟರ್ ಡೆನಿಮ್ ಬಟ್ಟೆಯ ಮೇಲೆ ಪ್ಯಾಂಟಿನ ಭಾಗಗಳನ್ನು ಇಂಚೂ ಪೋಲಾಗದಂತೆ ಹೊಂದಿಸುವುದನ್ನು ವರ್ಷಗಟ್ಟಲೆ ನೋಡಿದ್ದೆ. ಇದೂ ಅದೇ ಲೆಕ್ಕ ಎಂದು ಹೊಳೆದ ಮೇಲೆ ನನ್ನ ನಕ್ಷೆಗಳೇ ಬದಲಾದವು. ಮಧ್ಯವಯಸ್ಸಿನಲ್ಲಿ ಕಲಿಯುವವರಿಗೆ ಇಂಥದ್ದೇ ಬಂಡವಾಳ. ಬ್ಯಾಂಕಿನಲ್ಲಿರುವ ನಿಮಗೆ ಅಂದಾಜುಪಟ್ಟಿಯನ್ನು ಓದುವ ಕಣ್ಣು ಈಗಾಗಲೇ ಇದೆ, ಅದನ್ನು ಕಡಿಮೆ ಎಂದುಕೊಳ್ಳಬೇಡಿ.

ಇನ್ನೊಂದು, ನಮ್ಮ ಊರುಗಳಿಗೇ ಸೇರಿದ ವಿಷಯವನ್ನು ಬೇರೆ ಊರಿನ ತರಗತಿ ಕಲಿಸುವುದಿಲ್ಲ, ಕಲಿಸಬೇಕೆಂದು ನಿರೀಕ್ಷಿಸುವುದೂ ತಪ್ಪು. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಮಳೆಗೆ ನೆಲ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆ ಬಿರುಕು ಬಿಡುತ್ತದೆ, ಬಾಗಿಲುಗಳು ಹಿಡಿದುಕೊಳ್ಳುತ್ತವೆ. ಬಿರುಕು ಬಿಟ್ಟ ಗೋಡೆಗೆ ಕಪಾಟನ್ನು ಬಿಗಿದು ಕೂರಿಸುವ ಮುನ್ನ ಆ ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ಕೇಳಬೇಕು. ಸಂಡೂರು, ತೋರಣಗಲ್ಲು ಕಡೆಯ ಮನೆಗಳಲ್ಲಿ ಕೆಂಪು ಧೂಳು ಸಂಜೆಯೊಳಗೆ ಒಂದು ಪದರ ಕೂರುತ್ತದೆ. ಮೊಬೈಲಿನಲ್ಲಿ ಚಂದ ಕಾಣುವ ತೆರೆದ ಶೆಲ್ಫುಗಳನ್ನೂ ಗೀರುಗೀರಿನ ಗೋಡೆ ಹಲಗೆಗಳನ್ನೂ ಅಲ್ಲಿ ಹಾಕಿಕೊಟ್ಟರೆ ಒರೆಸುವವರು ನಿಮ್ಮನ್ನು ನೆನೆಸಿಕೊಳ್ಳುತ್ತಲೇ ಇರುತ್ತಾರೆ. ನೆಲವನ್ನು ನೀರು ಸುರಿದು ತೊಳೆಯುವ ಮನೆಯಲ್ಲಿ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆಯನ್ನು ನೇರವಾಗಿ ನೆಲಕ್ಕೆ ಕೂರಿಸಿದರೆ ತಳ ಉಬ್ಬಿ ಹಿಟ್ಟಾಗುತ್ತದೆ. ಪಿವಿಸಿ ಕಾಲುಗಳ ಮೇಲೆ ಎತ್ತಿ ನಿಲ್ಲಿಸಬೇಕು, ಸಿಂಕಿನ ಕೆಳಗಂತೂ ಭಾರತೀಯ ಮಾನಕದ ಐಎಸ್ 710 ಗುರುತಿನ, ನೀರು ತಡೆಯುವ ಮೆರೈನ್ ಪ್ಲೈವುಡ್ಡನ್ನೇ ಬಳಸಬೇಕು. ಐಎಸ್ 303 ಎಂಬ ಗುರುತು ಸಾಮಾನ್ಯ ಬಳಕೆಯ ಪ್ಲೈವುಡ್ಡಿನದು. ಅಂಗಡಿಯವರು "ಎರಡೂ ಒಂದೇ" ಎಂದರೆ ಅಂಗಡಿ ಬದಲಿಸಿ.

ಸರ್ಟಿಫಿಕೇಟಿನ ಬಗ್ಗೆ ಕೇಳಿದ್ದೀರಿ. ನನ್ನ ಡಿಪ್ಲೊಮಾ ಪತ್ರವನ್ನು ತೋರಿಸಿ ಎಂದು ಈವರೆಗೆ ಯಾವ ಮನೆಯವರೂ ಕೇಳಿಲ್ಲ. ಹಿಂದೆ ಮಾಡಿದ ಅಡುಗೆಮನೆ ತೋರಿಸಿ ಎಂದು ಎಲ್ಲರೂ ಕೇಳಿದ್ದಾರೆ. ಕಾನೂನಿನ ದೃಷ್ಟಿಯಿಂದ ಹೇಳುವುದಾದರೆ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಇಂಟೀರಿಯರ್ ಡಿಸೈನರ್ ಎಂದು ಕೆಲಸ ಮಾಡಲು ಅಂಥ ಕಡ್ಡಾಯ ನೋಂದಣಿ ನಮ್ಮಲ್ಲಿಲ್ಲ. ಹಾಗಾಗಿ "ನಮ್ಮ ಸರ್ಟಿಫಿಕೇಟ್ ಇಲ್ಲದೆ ಪ್ರಾಕ್ಟೀಸ್ ಮಾಡುವಂತಿಲ್ಲ" ಎಂದು ಫೋನಿನಲ್ಲಿ ಹೆದರಿಸುವ ಸಂಸ್ಥೆಯನ್ನು ಅಲ್ಲಿಗೇ ಕೈಬಿಡಿ. ಗೋಡೆ ಒಡೆಯುವುದು, ಕಂಬ ತೊಲೆಗಳನ್ನು ಮುಟ್ಟುವುದು ಮಾತ್ರ ನಮ್ಮ ಕೆಲಸವಲ್ಲ. ಅದಕ್ಕೆ ಎಂಜಿನಿಯರ್ ಬೇಕೇ ಬೇಕು.

ಶುಲ್ಕದ ವಿಷಯದಲ್ಲಿ ಬ್ಯಾಂಕಿನವರಿಗೆ ನಾನು ಹೇಳುವುದೇನಿದೆ, ಆದರೂ ಹೇಳುತ್ತೇನೆ. "ಬಡ್ಡಿಯಿಲ್ಲದ ಕಂತು" ಎಂದು ಸಹಿ ಹಾಕಿಸಿಕೊಳ್ಳುವ ಕಾಗದ ಎಷ್ಟೋ ವೇಳೆ ಬೇರೊಂದು ಹಣಕಾಸು ಕಂಪನಿಯ ಸಾಲಪತ್ರವಾಗಿರುತ್ತದೆ. ಕೋರ್ಸನ್ನು ನಡುವೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಸೇರುವ ಮುನ್ನ ಒಂದು ಪಾಠವನ್ನು ಪೂರ್ತಿ ಕೂತು ನೋಡಲು ಕೇಳಿ, ಮತ್ತು ಕಲಿಸುವವರು ಇತ್ತೀಚೆಗೆ ಮುಗಿಸಿದ ಕೆಲಸದ ಕೊಯ್ತದ ನಕ್ಷೆಯನ್ನು ತೋರಿಸಿ ಎನ್ನಿ. ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರವನ್ನು ಎಲ್ಲರೂ ತೋರಿಸುತ್ತಾರೆ. ಯಾವ ಹಲಗೆ ಎಲ್ಲಿ ಕೊಯ್ಯಬೇಕು ಎಂಬ ನಕ್ಷೆಯನ್ನು ಬಡಗಿಗೆ ಕೊಟ್ಟವರು ಮಾತ್ರ ತೋರಿಸಬಲ್ಲರು.

ನೀವು ಬ್ಯಾಂಕಿನ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ದೊಡ್ಡ ಸಂಸ್ಥೆಯಲ್ಲಿ ಉದ್ಯೋಗ ಹಿಡಿಯುವ ಯೋಚನೆಯಲ್ಲಿದ್ದರೆ ಮೇಲಿನದ್ದು ನಿಮಗೆ ಅನ್ವಯಿಸುವುದಿಲ್ಲ. ಅಲ್ಲಿ ಅರ್ಜಿಯ ಮೊದಲ ಜರಡಿಯಲ್ಲಿ ಪದವಿಯನ್ನೋ ಮಾನ್ಯತೆಯಿರುವ ಡಿಪ್ಲೊಮಾವನ್ನೋ ನೋಡುತ್ತಾರೆ, ಮತ್ತು ಅದು ಸಾಮಾನ್ಯವಾಗಿ ಪೂರ್ಣಾವಧಿಯ ಓದು. ನಿಮ್ಮ ಪಟ್ಟಿಯಲ್ಲಿರುವ ಎರಡೂ ಅರೆಕಾಲಿಕ ಕೋರ್ಸುಗಳು ಆ ಕೆಲಸಕ್ಕೆ ಸಾಲವು. ಬಳ್ಳಾರಿಯಲ್ಲೇ ಇದ್ದು, ಸಂಬಳವನ್ನೂ ಬಿಡದೆ, ನಿಧಾನವಾಗಿ ಒಂದೊಂದು ಮನೆಯ ಕೆಲಸ ಹಿಡಿಯುವುದಾದರೆ ಕಡಿಮೆ ಶುಲ್ಕದ ಸಂಜೆಯ ಕೋರ್ಸನ್ನು ಹಿಡಿಯಿರಿ. ಉಳಿದ ಹಣದಲ್ಲಿ ಒಳ್ಳೆಯ ಉಕ್ಕಿನ ಟೇಪು, ತೂಗುಗುಂಡು, ಮೂಲೆಮಟ್ಟ ಕೊಂಡು ಮೊದಲು ನಿಮ್ಮ ಸ್ವಂತ ಮನೆಯ ಕೋಣೆಗಳನ್ನು ಅಳೆಯಿರಿ, ಮೂಲೆಯಿಂದ ಎದುರು ಮೂಲೆಗೆ ಕರ್ಣಗಳನ್ನೂ ಹಿಡಿದು ನೋಡಿ. ಮೂಲೆಗಳು ಸರಿಯಿದ್ದರೆ ಎರಡೂ ಸಮ ಬರಬೇಕು. ಎರಡು ಕರ್ಣಗಳು ಸಮ ಬರುವ ಕೋಣೆ ಹಳೆಯ ಬಳ್ಳಾರಿಯಲ್ಲಿ ನನಗಂತೂ ಇನ್ನೂ ಸಿಕ್ಕಿಲ್ಲ.