ಕಂತಿನ ಲೆಕ್ಕ ಕೈಯಲ್ಲೇ ಹಾಕಬಹುದು

ಪ್ರಶ್ನೆ: ಸರ್, ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಎರಡು ಮಷಿನ್ ತಗೊಳ್ಳಲು 60,000 ರೂಪಾಯಿ ಸಾಲ ಕೇಳಿದ್ದೇನೆ. ಫೈನಾನ್ಸ್‌ನವರು ‘ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ ಬಡ್ಡಿ, 12 ಕಂತು, ಒಂದೊಂದು ಕಂತು 5,600’ ಅಂದರು. ಮಗಳು ಮೊಬೈಲ್‌ನಲ್ಲಿ ನೋಡಿ 5,331 ಬರುತ್ತೆ ಅನ್ನುತ್ತಾಳೆ. ಬಡ್ಡಿ ಒಂದೇ ಆದರೂ ಕಂತು ಯಾಕೆ ಬೇರೆ? ಕೈಯಲ್ಲಿ ಲೆಕ್ಕ ಹಾಕೋದು ಹೇಗೆ? ಇನ್ನೂ ಸಹಿ ಹಾಕಿಲ್ಲ.
– ಓದುಗರು, ಹಾವೇರಿ

ಉತ್ತರ: ಸಹಿಗೆ ಮೊದಲೇ ಕೇಳಿದ್ದು ಒಳ್ಳೇದಾಯ್ತು, ಅಮ್ಮಾ. ಮಗಳ ಲೆಕ್ಕ ಸರಿಯಾಗಿದೆ.

ಇಡೀ ವರ್ಷ 60,000 ನಿಮ್ಮ ಹತ್ತಿರವೇ ಇರುತ್ತೆ ಅಂತ ಅವರು ಹಿಡಿದಿದ್ದಾರೆ. ತಿಂಗಳಿಗೆ 600ರಂತೆ ಬಡ್ಡಿ 7,200. ಅಸಲು ಸೇರಿಸಿ 12ರಿಂದ ಭಾಗಿಸಿದರೆ 5,600. ಇದೇ ಫ್ಲಾಟ್ ರೇಟ್. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ, ಅಲ್ವಾ? ಹನ್ನೊಂದು ಕಂತು ಕಟ್ಟಿದ ಮೇಲೆ ಉಳಿಯೋದು ಸುಮಾರು ಐದು ಸಾವಿರ. ಅದಕ್ಕೂ 600 ಬಡ್ಡಿ ಯಾಕೆ ಕೊಡಬೇಕು? ಉಳಿದ ಬಾಕಿಯ ಮೇಲೆ ನೋಡಿದರೆ ಅವರ ಬಡ್ಡಿ ವರ್ಷಕ್ಕೆ ಶೇಕಡಾ 21ಕ್ಕಿಂತ ಜಾಸ್ತಿ ಬೀಳುತ್ತದೆ.

ನಾನು ಬ್ಯಾಂಕಿನ ಸಾಲದ ವಿಭಾಗಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಲೆಡ್ಜರ್ ಪಕ್ಕದಲ್ಲಿ ಮೂಲೆ ಸವೆದ ರೆಡಿ ರೆಕನರ್, ಅಂದರೆ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಗಳ ಪುಸ್ತಕ ಇರುತ್ತಿತ್ತು. ಅದು ಬೇರೆ ಟೇಬಲ್‌ಗೆ ಹೋದಾಗ ಹಿರಿಯ ಗುಮಾಸ್ತರೊಬ್ಬರು ಈ ದಾರಿ ಹೇಳಿಕೊಟ್ಟರು. ಕಂತುಗಳ ಸಂಖ್ಯೆಗೆ ಒಂದು ಕೂಡಿಸಿ ಅರ್ಧ ಮಾಡಿ. 13ರ ಅರ್ಧ ಆರೂವರೆ. ಮೊದಲ ತಿಂಗಳ ಬಡ್ಡಿ 600 ಅನ್ನು ಇದರಿಂದ ಗುಣಿಸಿದರೆ 3,900. ಅಸಲಿಗೆ ಸೇರಿಸಿ 12ರಿಂದ ಭಾಗಿಸಿ. 5,325 ಬಂತು. ಸರಿಯಾದ ಕಂತಿಗೂ ಇದಕ್ಕೂ ಆರು ರೂಪಾಯಿ ವ್ಯತ್ಯಾಸ ಅಷ್ಟೇ. ಒಂದೆರಡು ವರ್ಷದ ಸಾಲಕ್ಕೆ ಇದು ಸಾಕು. ಮನೆ ಸಾಲಕ್ಕೆ ಮಾತ್ರ ಬಳಸಬೇಡಿ. ಶೇಕಡಾ 9ರ ಬಡ್ಡಿಗೆ 20 ವರ್ಷದ ಒಂದು ಲಕ್ಷಕ್ಕೆ ಇದು 793 ತೋರಿಸುತ್ತೆ, ನಿಜವಾದ ಕಂತು 900.

ಪಕ್ಕಾ ಲೆಕ್ಕವೂ ಕಷ್ಟವಿಲ್ಲ. ತಿಂಗಳಿಗೆ ನೂರಕ್ಕೆ ಒಂದು ಅಂದರೆ ಒಂದು ರೂಪಾಯಿ 1.01 ಆಗುತ್ತದೆ. ಅದನ್ನು ಅದರಿಂದಲೇ ಗುಣಿಸಿ, 1.0201. ಹಾಗೇ ಮತ್ತೊಮ್ಮೆ, 1.040604. ಇದು ನಾಲ್ಕು ತಿಂಗಳದ್ದು. ಇನ್ನೊಮ್ಮೆ ಮಾಡಿದರೆ ಎಂಟು ತಿಂಗಳದ್ದು, 1.082857. ಎಂಟರದ್ದನ್ನು ನಾಲ್ಕರದ್ದರಿಂದ ಗುಣಿಸಿದರೆ ಹನ್ನೆರಡರದ್ದು ಬಂತು, 1.126825. ಈಗ 600 ಅನ್ನು ಇದರಿಂದ ಗುಣಿಸಿ, ಬಂದದ್ದನ್ನು ಒಂದು ಕಳೆದು ಉಳಿದ 0.126825ರಿಂದ ಭಾಗಿಸಿ. 5,331.

ನಂಬಿಕೆ ಬರದಿದ್ದರೆ ಮಗಳ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯಿರಿ. ಮೊದಲ ಕಂತಿನಲ್ಲಿ ಬಡ್ಡಿ 600, ಅಸಲಿಗೆ 4,731, ಬಾಕಿ 55,269. ಎರಡನೇ ಕಂತಿನಲ್ಲಿ ಬಡ್ಡಿ 553, ಅಸಲಿಗೆ 4,778, ಬಾಕಿ 50,491. ಹೀಗೇ ಹೋದರೆ ಹನ್ನೆರಡನೇ ಸಾಲಿಗೆ ಬಾಕಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ.

ಅವರ ಲೆಕ್ಕಕ್ಕೆ ಒಪ್ಪಿದರೆ ವರ್ಷಕ್ಕೆ 3,228 ರೂಪಾಯಿ ಜಾಸ್ತಿ ಹೋಗುತ್ತದೆ. ನಿಮ್ಮ ಎಷ್ಟು ದಿನದ ಹೊಲಿಗೆ ಅದು! ನಾಳೆ ಹೋದಾಗ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಿ ಅನ್ನಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, 1 ಅಕ್ಟೋಬರ್ 2024ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಬ್ಯಾಂಕೂ ಫೈನಾನ್ಸ್ ಕಂಪನಿಯೂ ಅದನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವೂ ಕಂತಿನ ಪಟ್ಟಿಯೂ ಅದರಲ್ಲಿರುತ್ತವೆ. ಮಗಳನ್ನೂ ನೋಟ್‌ಬುಕ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಂದೊಂದು ಸಾಲೂ ತಾಳೆ ನೋಡಿ.