ಸಮುದ್ರ ಎಡಗಡೆ ಇರಲಿ

ಪ್ರಶ್ನೆ: ಮೇಡಂ, ನಮಸ್ಕಾರ. ಡಿಸೆಂಬರ್ ಕೊನೆಯ ರಜೆಗೆ ಕಾರಿನಲ್ಲಿ ಕರಾವಳಿ ಸುತ್ತಿ ಬರೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾಲ್ಕು ದಿನ ಸಿಗುತ್ತದೆ. ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ, ಕಾರವಾರ ನೋಡಿ, ಸಾಧ್ಯವಾದರೆ ಗೋವಾನೂ ಮುಟ್ಟಿ ಬರಬೇಕು ಅಂತ ನಮ್ಮವರ ಆಸೆ. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು. ಮಕ್ಕಳಿಬ್ಬರು, ಚಿಕ್ಕವಳಿಗೆ ಘಾಟಿಯಲ್ಲಿ ವಾಂತಿ. ಹೇಗೆ ಪ್ಲಾನ್ ಮಾಡೋದು ಹೇಳಿ.
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಗೋವಾ ಬಿಡಿ. ಈ ಸಲ ಕಾರವಾರವನ್ನೂ ಬಿಡಿ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ನಮ್ಮ ರಾಜ್ಯದ ಕಡಲತೀರ ಸುಮಾರು 320 ಕಿಲೋಮೀಟರ್. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗೆ ಹೆದ್ದಾರಿ 66ರಲ್ಲಿ ಒಂದೇ ದಿನದಲ್ಲಿ ಓಡಿಸಿಬಿಡಬಹುದು. ಆದರೆ ಹಾಗೆ ಓಡಿಸಿದವರಿಗೆ ಸಮುದ್ರ ಕಾಣುವುದೇ ಕಡಿಮೆ. ಕಾಣುವುದು ಫ್ಲೈಓವರ್, ಟೋಲ್‌ಗೇಟ್, ತೆಂಗಿನ ತೋಟ. ಕಡಲು ಪಶ್ಚಿಮಕ್ಕೆ ಒಂದೆರಡು ಕಿಲೋಮೀಟರ್ ಆಚೆ ಸುಮ್ನೆ ಇರುತ್ತದೆ, ಅಡ್ಡರಸ್ತೆಗೆ ಇಳಿದವರಿಗೆ ಮಾತ್ರ ಸಿಗುತ್ತದೆ. ನಾವು ಮೊದಲ ಸಲ ಮೂರೇ ದಿನದಲ್ಲಿ ಗೋವಾ ಮುಟ್ಟಿ ಬಂದೆವು. ಮಕ್ಕಳು ಹಿಂದಿನ ಸೀಟಲ್ಲಿ ನಿದ್ದೆ ಹೊಡೆದರು, ನಾನು ಮ್ಯಾಪ್ ನೋಡಿಕೊಂಡು ಕೂತೆ. ಆ ಬೇಸರ ನನಗೆ ಇವತ್ತಿಗೂ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೆಯದು, ದಕ್ಷಿಣದಿಂದ ಉತ್ತರಕ್ಕೇ ಹೋಗಿ. ಆಗ ಸಮುದ್ರ ನಿಮ್ಮ ಎಡಗಡೆ ಬರುತ್ತದೆ. ನಾವು ಗಾಡಿ ಓಡಿಸುವುದೂ ಎಡಗಡೆಯೇ ಅಲ್ವಾ, ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನಿಸುತ್ತದೋ ಅಲ್ಲಿ ರಸ್ತೆ ದಾಟದೆ, ಯೂಟರ್ನ್ ಹುಡುಕದೆ ನಿಲ್ಲಿಸಬಹುದು. ಮಂಡಿ ನೋವಿರುವವರನ್ನು ಕೈ ಹಿಡಿದು ನಾಲ್ಕು ಪಥದ ಹೆದ್ದಾರಿ ದಾಟಿಸುವ ಕಷ್ಟ ತಪ್ಪುತ್ತದೆ. ಅತ್ತೆಯನ್ನು ಎಡಗಡೆ ಕಿಟಕಿ ಪಕ್ಕ ಕೂರಿಸಿ. ಮಧ್ಯಾಹ್ನದ ಮೇಲೆ ಬಿಸಿಲು ಆ ಕಡೆಯೇ ಹೊಡೆಯುತ್ತದೆ, ಒಂದು ತೆಳು ಟವೆಲ್ ಇಟ್ಟುಕೊಳ್ಳಿ.

ಮೊದಲ ದಿನ ಬೆಳಿಗ್ಗೆ ಆರಕ್ಕೆಲ್ಲ ಹೊರಡಿ, ಮೂಡಿಗೆರೆ ದಾಟಿ ಕೊಟ್ಟಿಗೆಹಾರ. ಅಲ್ಲಿ ಬಿಸಿ ನೀರುದೋಸೆ ಸಿಗುತ್ತದೆ. ಚಿಕ್ಕವಳಿಗೆ ಅಲ್ಲಿ ಒಂದೇ ಒಂದು ದೋಸೆ ಸಾಕು, ಹೊಟ್ಟೆ ತುಂಬ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ. ಸಾಧ್ಯವಾದರೆ ಅವಳನ್ನು ನಡುವೆ ಕೂರಿಸಿ, ಎದುರಿನ ರಸ್ತೆ ನೋಡುತ್ತಾ ಇರಲಿ, ಮೊಬೈಲ್ ಕೊಡಲೇಬೇಡಿ. ಚಾರ್ಮಾಡಿ ಇಳಿಯುವ ಮುಂಚೆ ಮಕ್ಕಳಿಗೆ ಒಂದು ಮಾತು ಹೇಳಿ. ಇಲ್ಲೇ ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಹಾಸನದ ಕಡೆ ಹರಿದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಘಾಟಿಯ ಪಶ್ಚಿಮಕ್ಕೆ ಬಿದ್ದ ಮಳೆ ನೇತ್ರಾವತಿಗೆ ಇಳಿದು ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನೀವು ಆ ನೀರಿನ ಜೊತೆಗೇ ಇಳಿಯುತ್ತಿದ್ದೀರಿ. ನನ್ನ ಮಗಳಿಗೆ ಇದನ್ನು ಹೇಳಿದ ಮೇಲೆ ದಾರಿಯುದ್ದಕ್ಕೂ ಪ್ರತಿ ಸೇತುವೆಯಲ್ಲೂ ಹೊಳೆಯ ಹೆಸರು ಕೇಳುತ್ತಿದ್ದಳು.

ಮಂಗಳೂರು ಪೇಟೆಯ ಒಳಗೆ ಹೋಗಬೇಡಿ. ಉಜಿರೆ, ಗುರುವಾಯನಕೆರೆ, ವೇಣೂರು, ಮೂಡುಬಿದಿರೆ, ಕಾರ್ಕಳ ಆಗಿ ಪಡುಬಿದ್ರಿಗೆ ಇಳಿಯಿರಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಒಂದು ಗಂಟೆ ಕೊಡಿ. ಕಾರ್ಕಳದ ಗೊಮ್ಮಟನನ್ನು ಅತ್ತೆ ಕೆಳಗಿಂದಲೇ ಕೈಮುಗಿಯಲಿ. ಸಂಜೆ ಐದಕ್ಕೆ ಕಾಪು ಕಡಲತೀರದಲ್ಲಿ ಇರಿ, ಯಾಕೆಂದರೆ ಡಿಸೆಂಬರಿನಲ್ಲಿ ಆರೂ ಹತ್ತರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ಮೇಲೆ ಹತ್ತದಿದ್ದರೂ ಕೆಳಗಿನ ಮರಳಲ್ಲಿ ಕೂತರೇ ಸಾಕು. ರಾತ್ರಿ ಉಡುಪಿಯಲ್ಲಿ ಉಳಿದು, ಬೆಳಿಗ್ಗೆ ಬೇಗ ಕೃಷ್ಣಮಠ ಮುಗಿಸಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ, ಕಂಬ ಜೋಡಿಸಿದ ಹಾಗಿರುವ ಕಲ್ಲು ನೋಡಲು ಚೆಂದ. ಆದರೆ ದೋಣಿ ಹತ್ತಿ ಇಳಿಯುವುದು ಅತ್ತೆಗೆ ಕಷ್ಟ. ನಾನಾದರೆ ಈ ಸಲ ಬಿಡುತ್ತೇನೆ.

ಎರಡನೆಯ ದಿನವೇ ಈ ಪ್ರವಾಸದ ಜೀವ. ಕುಂದಾಪುರ ದಾಟಿ ಮರವಂತೆ. ಇಲ್ಲಿ ಹೆದ್ದಾರಿಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಎಲ್ಲರೂ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಅರ್ಧ ಗಂಟೆ ನಿಲ್ಲಿ. ಸೌಪರ್ಣಿಕಾ ಕಡಲಿಗೆ ಇನ್ನೇನು ಸೇರಿದಳು ಅನ್ನುವಷ್ಟು ಹತ್ತಿರ ಬಂದು, ಸೇರದೆ ತಿರುಗಿ, ದಕ್ಷಿಣಕ್ಕೆ ಹಲವು ಕಿಲೋಮೀಟರ್ ಹೋಗಿ ಗಂಗೊಳ್ಳಿಯಲ್ಲಿ ಬೇರೆ ನದಿಗಳ ಜೊತೆ ಸಮುದ್ರಕ್ಕೆ ಬೀಳುತ್ತಾಳೆ. ನದಿ ಕಡೆ ವರಾಹ ಮಹಾರಾಜಸ್ವಾಮಿ ದೇವಸ್ಥಾನವಿದೆ. ಅಲ್ಲಿ ನಿಂತರೆ ಎದುರಿಗೆ ಹೊಳೆ ನೀರು ಅಲುಗದೆ ತೆಂಗಿನ ನೆರಳು ಹೊತ್ತು ಮಲಗಿರುತ್ತದೆ, ಬೆನ್ನ ಹಿಂದೆ ರಸ್ತೆಯಾಚೆ ಕಲ್ಲಿನ ತಡೆಗೋಡೆಗೆ ಅಲೆ ಬಡಿಯುವ ಸದ್ದು ಕೇಳುತ್ತಿರುತ್ತದೆ. ಅಡಿಕೆ, ಕಾಫಿ ತೋಟದ ನಡುವೆ ಬೆಳೆದ ನನಗೆ ಇಷ್ಟು ಬೇರೆ ಬೇರೆ ಸ್ವಭಾವದ ಎರಡು ನೀರು ಒಂದೇ ರಸ್ತೆಯ ಎರಡು ಬದಿಯಲ್ಲಿ ಇರಬಹುದು ಅಂತ ಗೊತ್ತೇ ಇರಲಿಲ್ಲ.

ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡದ ಮೇಲಿಂದ ಕಡಲು ನೋಡಿ. ಮುರುಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ, ಅತ್ತೆಗೆ ಖುಷಿಯಾಗುತ್ತದೆ. ರಾತ್ರಿ ಹೊನ್ನಾವರ. ಶರಾವತಿ ಸೇತುವೆ ಮೇಲೆ ಹೋಗುವಾಗ ಪಕ್ಕದಲ್ಲಿ ರೈಲು ಸೇತುವೆ ಕಾಣುತ್ತದೆ, ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ರೈಲು ಬಂದರೆ ಮಕ್ಕಳ ಅದೃಷ್ಟ.

ಮೂರನೆಯ ದಿನ ಕುಮಟಾದಿಂದ ಹೆದ್ದಾರಿ ಬಿಟ್ಟು ಬಾಡ, ಕಾಗಾಲ ಆಗಿ ಅಘನಾಶಿನಿ ಊರಿಗೆ ಹೋಗಿ. ಅಣೆಕಟ್ಟೇ ಇಲ್ಲದೆ ಹರಿದು ಬರುವ ನದಿ ಇದು. ಇದು ಸಮುದ್ರ ಸೇರುವ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ಹೋದರೆ ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕೆಸರಿನಿಂದ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವುದು ಕಾಣುತ್ತದೆ. ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವುದು ಇಲ್ಲಿನ ಗಜನಿ, ಅಂದರೆ ಉಬ್ಬರದ ಉಪ್ಪು ನೀರು ನುಗ್ಗುವ ಗದ್ದೆಗಳಲ್ಲೇ. ಕಾರನ್ನು ಈಚೆ ದಡದಲ್ಲೇ ಬಿಟ್ಟು ಹೊಳೆ ದಾಟಿಸುವ ತಾರಿ ದೋಣಿಯಲ್ಲಿ ಆಚೆ ದಡದ ತದಡಿಗೆ ಹೋಗಿ ಬನ್ನಿ. ದೋಣಿಯ ಹೊತ್ತನ್ನು ಕುಮಟಾದಲ್ಲೇ ಕೇಳಿಕೊಳ್ಳಿ. ಅತ್ತೆ ದಡದಲ್ಲಿ ಕೂತು ನೋಡಲಿ, ಜೊತೆಗೆ ಒಬ್ಬರು ಇರಿ. ನಾವು ಹೋದಾಗ ದೋಣಿಯಲ್ಲಿ ನಮ್ಮ ಜೊತೆ ಮೀನಿನ ಬುಟ್ಟಿ, ಒಂದು ಸೈಕಲ್, ಶಾಲೆ ಮಕ್ಕಳು. ಒಬ್ಬ ಅಜ್ಜಿ ನನ್ನ ಮಗಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತರು. ಅವಳು ಮುರುಡೇಶ್ವರ ಮರೆತಿದ್ದಾಳೆ, ಆ ಅಜ್ಜಿಯ ಬುಟ್ಟಿಯಲ್ಲಿದ್ದ ಬಂಗುಡೆ ಮರೆತಿಲ್ಲ.

ಅಲ್ಲಿಂದ ಮಿರ್ಜಾನ್ ಕೋಟೆ ನೋಡಿ, ಸಂಜೆ ಗೋಕರ್ಣ. ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು. ಊರಿನ ಪಕ್ಕದ ದೊಡ್ಡ ಕಡಲತೀರವೇ ಅತ್ತೆಗೆ ಸರಿ. ವರ್ಷದ ಕೊನೆಯಲ್ಲಿ ರೂಮು ಸಿಗುವುದು ಕಷ್ಟ, ದುಬಾರಿ ಬೇರೆ. ಗೋಕರ್ಣದ್ದನ್ನು ಈಗಲೇ ಬುಕ್ ಮಾಡಿ, ಆದಷ್ಟು ಸೋಮವಾರದಿಂದ ಗುರುವಾರದೊಳಗೆ ಮುಗಿಸಿ.

ವಾಪಸ್ ಬರುವಾಗ ಬಂದ ದಾರಿ ಬೇಡ. ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರ, ಶಿವಮೊಗ್ಗ, ತರೀಕೆರೆ, ಮನೆ. ಮುನ್ನೂರು ಕಿಲೋಮೀಟರ್ ದಾಟುತ್ತದೆ, ಬೆಳಗಿನ ತಿಂಡಿಗೆ ಕಾಯದೆ ಹೊರಡಿ. ಡಿಸೆಂಬರಿನಲ್ಲಿ ಜೋಗದಲ್ಲಿ ನೀರು ಕಡಿಮೆ, ಅದಕ್ಕೆ ಜಾಸ್ತಿ ಹೊತ್ತು ಇಡಬೇಡಿ.

ಪ್ರಶ್ನೆ: ನಾವು ಇಬ್ಬರು ಗೆಳೆಯರು, ಜುಲೈನಲ್ಲಿ ಬೈಕಿನಲ್ಲಿ ಶಿರಾಡಿ ಇಳಿದು ಕಾರವಾರದವರೆಗೆ ಹೋಗಬೇಕು ಅಂತಿದ್ದೇವೆ. ಮಳೆಯಲ್ಲೇ ಕರಾವಳಿ ಚೆಂದ ಅಂತಾರೆ. ಹೋಗಬಹುದಾ?
– ಓದುಗರು, ಹಾಸನ

ಉತ್ತರ: ಚೆಂದ ನಿಜ. ಆದರೆ ಜುಲೈನಲ್ಲಿ ಬೇಡಪ್ಪ. ಸಕಲೇಶಪುರದಾಚೆ ದೋಣಿಗಾಲ್ ಹತ್ತಿರ ಮಳೆಗೆ ರಸ್ತೆ ಕುಸಿದು ಎಷ್ಟೋ ಸಲ ದಾರಿ ನಿಂತಿದೆ, ಹಾಸನದವರಿಗೆ ನಾನು ಹೇಳಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೇ ಹೊತ್ತೊಯ್ದಿತು. ಲಾರಿ ಗಂಗಾವಳಿ ನದಿಯ ತಳ ಸೇರಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಚಹಾಕ್ಕೆ ನಿಂತವರು, ಸೇತುವೆ ದಾಟುತ್ತಿದ್ದವರು ಯಾರೂ ತಪ್ಪು ಮಾಡಿದವರಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಹೋಗಿ. ಹಸಿರು ಹಾಗೇ ಇರುತ್ತದೆ, ಹೊಳೆ ತುಂಬಿರುತ್ತದೆ, ಆಕಾಶ ತೊಳೆದ ಹಾಗಿರುತ್ತದೆ. ಮಳೆ ಬಂದರೆ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ನಿಲ್ಲಬೇಡಿ, ಊರು ಸಿಗುವವರೆಗೆ ನೆನೆದರೂ ಪರವಾಗಿಲ್ಲ.

ಪ್ರಶ್ನೆ: ಮಕ್ಕಳನ್ನು ನೀರಿಗೆ ಬಿಡಲು ಯಾವ ಬೀಚ್ ಒಳ್ಳೆಯದು?
– ಓದುಗರು, ಬೇಲೂರು

ಉತ್ತರ: ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡು. ಎರಡಕ್ಕೂ 2020ರಲ್ಲಿ ಬ್ಲೂ ಫ್ಲಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಸ್ನಾನಕ್ಕೆ ಗುರುತು ಮಾಡಿದ ಜಾಗ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ ಇವೆ. ನಮ್ಮ ಮಕ್ಕಳು ಯಗಚಿಯಲ್ಲೋ ಹೇಮಾವತಿಯಲ್ಲೋ ಈಜು ಕಲಿತವರಿರಬಹುದು, ಕಡಲಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲೆ ಮುಂದಿನಿಂದ ಬರುತ್ತದೆ, ಸೆಳೆತ ಕಾಲ ಕೆಳಗಿನಿಂದ ಎಳೆಯುತ್ತದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಎಷ್ಟೇ ಶಾಂತ ಕಂಡರೂ ಇಳಿಸಬೇಡಿ. ಮೊಣಕಾಲು ಮಟ್ಟ ಸಾಕು, ನೀವು ಮಗುವಿಗಿಂತ ಆಚೆ, ಸಮುದ್ರದ ಕಡೆ ನಿಲ್ಲಿ.

ಪ್ರಶ್ನೆ: ಜೂನ್ ಎರಡನೇ ವಾರ ಮಲ್ಪೆಗೆ ಹೋಗುತ್ತಿದ್ದೇವೆ. ತಾಜಾ ಮೀನು ಸಿಗುತ್ತದಾ?
– ಓದುಗರು, ಸಕಲೇಶಪುರ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಮೀನು ಮರಿ ಮಾಡುವ ಕಾಲ. ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ಹಿಡಿದದ್ದು ಸ್ವಲ್ಪ ಬರುತ್ತದೆ, ರೇಟು ಜಾಸ್ತಿ. ಹೋಟೆಲಿನಲ್ಲಿ ಐಸ್ ಮೀನೋ ತಾಜಾನೋ ಅಂತ ಕೇಳಿಯೇ ಆರ್ಡರ್ ಮಾಡಿ. ಇಲ್ಲವಾದರೆ ಮರುವಾಯಿ (ಚಿಪ್ಪುಜೀವಿ) ಸುಕ್ಕ, ಕೋರಿ ರೊಟ್ಟಿ ತಿನ್ನಿ. ಕಾಣೆ ಫ್ರೈಗೇ ಮನಸ್ಸಿದ್ದರೆ ಆಗಸ್ಟ್ ಕಳೆಯಲಿ, ಆಮೇಲೆ ಹೋಗಿ.