ಬೆಳಕು ತಡೆಯದ ಕಣ್ಣು: ಓದುಗರ ಪ್ರಶ್ನೆ, ನೇತ್ರತಜ್ಞರ ಉತ್ತರ

ಪ್ರಶ್ನೆ: ಎರಡು ತಿಂಗಳಿಂದ ಎರಡೂ ಕಣ್ಣಿಗೆ ಬೆಳಕು ಚುಚ್ಚುತ್ತಿದೆ. ಟ್ಯೂಬ್‌ಲೈಟ್ ಕೆಳಗೆ ಕೂರುವುದೂ ಕಷ್ಟ. ಕನ್ನಡಕದ ಅಂಗಡಿಯಲ್ಲಿ ಪವರ್ ಸರಿಯಿದೆ ಎಂದರು. ಈಗ ಮನೆಯೊಳಗೂ ಕಪ್ಪು ಕನ್ನಡಕವೇ ಗತಿ. ಆಗಾಗ ತಲೆನೋವೂ ಇದೆ. ಯಾವ ಪರೀಕ್ಷೆ ಮಾಡಿಸಲಿ?

ಉತ್ತರ: ಮೊದಲು ಆ ಕಪ್ಪು ಕನ್ನಡಕದ ವಿಚಾರ. ಮನೆಯೊಳಗೂ ಹಾಕಿಕೊಂಡೇ ಇದ್ದರೆ ಕಣ್ಣು ಮಬ್ಬು ಬೆಳಕಿಗೆ ಒಗ್ಗಿಹೋಗುತ್ತದೆ, ಆಮೇಲೆ ಮಾಮೂಲಿ ಬೆಳಕೂ ಕುಕ್ಕತೊಡಗುತ್ತದೆ. ಬಿಸಿಲಿಗೆ ಹೋಗುವಾಗ ಹಾಕಿಕೊಳ್ಳಿ. ಒಳಗಿದ್ದಾಗ ದಿನವೂ ಸ್ವಲ್ಪ ಸ್ವಲ್ಪ ಹೊತ್ತು ತೆಗೆದಿಡುತ್ತಾ ಬನ್ನಿ.

ಪವರ್ ಸರಿಯಿದ್ದ ಮಾತ್ರಕ್ಕೆ ಕಣ್ಣಿನಲ್ಲಿ ತೊಂದರೆಯಿಲ್ಲ ಎನ್ನುವಂತಿಲ್ಲ. ಈ ನೋವು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ: ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯ, ಅದರ ಹಿಂದಿರುವ ಬಣ್ಣದ ಐರಿಸ್, ಅಥವಾ ಮುಖದ ನೋವನ್ನು ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರದ ಹಾದಿ. ಯಾವ ಕಡೆಯಿಂದ ಎಂದು ಗೊತ್ತಾಗದೆ ಚಿಕಿತ್ಸೆ ಶುರುಮಾಡಿ ಪ್ರಯೋಜನವಿಲ್ಲ.

ಎರಡೂ ಕಣ್ಣಿಗೆ, ತಿಂಗಳುಗಟ್ಟಲೆ ಇದ್ದರೆ ಮೊದಲ ಅನುಮಾನ ಕಣ್ಣು ಒಣಗುವುದರ ಮೇಲೆ. ಪರದೆ ನೋಡುತ್ತಾ ಕೂತವರು ರೆಪ್ಪೆ ಮಿಟುಕಿಸುವುದೇ ಕಡಿಮೆ. ಕಣ್ಣೀರ ಪದರ ಹರಿದು ಕಾರ್ನಿಯದ ನರಗಳಿಗೆ ಗಾಳಿ ತಾಗುತ್ತದೆ. ಕಣ್ಣಿಗೆ ತೆಳುವಾದ ಬೆಳಕಿನ ಪಟ್ಟಿ ಬಿಟ್ಟು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಎದುರು ಕೂರಿಸಿ ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣ ಹಚ್ಚಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಒಮ್ಮೆ ಮಿಟುಕಿಸಿ ಕಣ್ಣು ತೆರೆದಿಟ್ಟಾಗ 10 ಸೆಕೆಂಡ್ ಆಗುವ ಮೊದಲೇ ಪದರದಲ್ಲಿ ಕಪ್ಪು ಕಲೆ ಮೂಡಿದರೆ ಕಣ್ಣೀರ ಪದರ ಕಣ್ಣಿನ ಮೇಲೆ ಉಳಿಯುತ್ತಿಲ್ಲ ಎಂದು ಲೆಕ್ಕ. ಶಿರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ಕಣ್ಣು ಚೆನ್ನಾಗಿಯೇ ಒಣಗಿದೆ. ಬಣ್ಣದ ಪರೀಕ್ಷೆಯಲ್ಲಿ ಗೀರು, ಹುಣ್ಣು ಇದ್ದರೂ ಹಸಿರಾಗಿ ಹೊಳೆದು ಕಾಣುತ್ತದೆ.

ಇನ್ನೊಂದು ಸರಳ ಉಪಾಯವಿದೆ. ವೈದ್ಯರು ಮರಗಟ್ಟಿಸುವ ಡ್ರಾಪ್ಸ್ ಒಂದು ಹನಿ ಹಾಕಿ, ಒಂದೆರಡು ನಿಮಿಷ ಬಿಟ್ಟು ಟಾರ್ಚ್ ಬಿಡುತ್ತಾರೆ. ಕಣ್ಣು ಆರಾಮಾಗಿ ತೆರೆದರೆ ತೊಂದರೆ ಹೆಚ್ಚಾಗಿ ಹೊರಮೈಯಲ್ಲಿದೆ. ಏನೂ ಬದಲಾಗದಿದ್ದರೆ ಒಳಗೆ ಹುಡುಕಬೇಕು. ಐರಿಸ್‌ನ ಉರಿಯೂತದಲ್ಲಿ, ನೋವಿಲ್ಲದ ಕಣ್ಣಿಗೆ ಬೆಳಕು ಬಿಟ್ಟರೂ ನೋವಿರುವ ಕಣ್ಣೇ ಹಿಂಡುತ್ತದೆ. ಎರಡೂ ಪಾಪೆಗಳು ಒಟ್ಟಿಗೆ ಕುಗ್ಗುವುದರಿಂದ ಊದಿದ ಐರಿಸ್ ಎಳೆದಂತಾಗುತ್ತದೆ. ಆಗ ಸ್ಲಿಟ್ ಲ್ಯಾಂಪ್‌ನ ಬೆಳಕಿನ ಕೋಲಿನಲ್ಲಿ ಬಿಳಿ ರಕ್ತಕಣಗಳು ಧೂಳಿನಂತೆ ತೇಲುವುದು ಕಾಣುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕಣ್ಣು ಸ್ವಚ್ಛವಾಗಿದ್ದರೆ ನಿಮ್ಮ ತಲೆನೋವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅರ್ಧ ತಲೆ ಸಿಡಿತ, ವಾಕರಿಕೆ, ಸದ್ದು ಸೇರದಿರುವುದು ಜೊತೆಗಿದ್ದರೆ ಮೈಗ್ರೇನ್ ಇರಬಹುದು. ಕೆಲವರಿಗೆ ನೋವಿಲ್ಲದ ದಿನಗಳಲ್ಲೂ ಬೆಳಕು ಸೇರದು. ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟದಲ್ಲಿ ನೋಟಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಮಾಣ ಅಳೆಯುವ ಕೆಲವು ಕೋಶಗಳಿವೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಆ ಭಾಗವನ್ನು ತಗ್ಗಿಸುವ ಗುಲಾಬಿ ಛಾಯೆಯ ಎಫ್‌ಎಲ್-41 ಗಾಜು ಕೆಲವರಿಗೆ ಕಪ್ಪು ಗಾಜಿಗಿಂತ ಒಳ್ಳೆಯದು. ತಲೆಗೆ ಪೆಟ್ಟು ಬಿದ್ದಿದ್ದರೆ, ರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ. ಕೈಕಾಲು ಜೋಮು, ಪಾಪೆಗಳ ಗಾತ್ರದಲ್ಲಿ ಹೊಸದಾಗಿ ಕಂಡ ವ್ಯತ್ಯಾಸ, ಎರಡೆರಡಾಗಿ ಕಾಣುವುದು, ಇಂಥವು ಇದ್ದರೆ ಬೇಕು.

ಹೋಗುವಾಗ ಮಾತ್ರೆಗಳ ಪಟ್ಟಿ ಒಯ್ಯಿರಿ. ಅಲರ್ಜಿಯ ಕೆಲವು ಮಾತ್ರೆಗಳೂ ಖಿನ್ನತೆಯ ಕೆಲವು ಮಾತ್ರೆಗಳೂ ಪಾಪೆ ಹಿಗ್ಗಿಸುತ್ತವೆ, ಕಣ್ಣನ್ನೂ ಒಣಗಿಸುತ್ತವೆ. ಎಷ್ಟೋ ಸಲ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ.

ಜ್ವರ, ಕತ್ತು ಸೆಟೆಯುವುದು, ವಾಂತಿ ಸೇರಿಕೊಂಡರೆ ಮಾತ್ರ ಕಣ್ಣಿನ ವೈದ್ಯರಿಗಾಗಿ ಕಾಯಬೇಡಿ. ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಯ ಉರಿಯೂತ ಇರಬಹುದು, ನೇರ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ಆರು ತಿಂಗಳ ಮಗು ಬೆಳಕಿಗೆ ತಂದರೆ ಮುಖ ಮುಚ್ಚಿಕೊಳ್ಳುತ್ತದೆ, ಕಣ್ಣಲ್ಲಿ ನೀರು. ಕಣ್ಣೀರ ನಾಳ ಕಟ್ಟಿದೆ, ಮಾಲೀಶು ಮಾಡಿ ಎಂದಿದ್ದಾರೆ. ಸರಿಯೇ?

ಉತ್ತರ: ನಾಳ ಕಟ್ಟಿದ್ದಷ್ಟೇ ಆದರೆ ನೀರು, ಪಿಸುರು ಬರುತ್ತದೆ, ಮಗು ಬೆಳಕಿಗೆ ಸಾಮಾನ್ಯವಾಗಿ ಹೆದರುವುದಿಲ್ಲ. ನೀರು, ಬೆಳಕಿನ ಭಯ, ರೆಪ್ಪೆ ಬಿಗಿಯುವುದು ಮೂರೂ ಒಟ್ಟಿಗಿದ್ದರೆ ಹುಟ್ಟಿನಿಂದ ಬರುವ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಇದೆಯೇ ಎಂದು ಈ ವಾರವೇ ನೋಡಿಸಿ. ಕಣ್ಣಿನ ಒತ್ತಡ ಅಳೆದು, ಕಾರ್ನಿಯದ ಅಗಲ ನೋಡುತ್ತಾರೆ. ನವಜಾತ ಶಿಶುವಿನಲ್ಲಿ ಅದು ಸುಮಾರು 10 ಮಿಲಿಮೀಟರ್. ವರ್ಷ ತುಂಬುವ ಮೊದಲೇ 12 ದಾಟಿದ್ದರೆ ಅನುಮಾನ ಬಲವಾಗುತ್ತದೆ. ‘ಎಷ್ಟು ದೊಡ್ಡ, ಚೆಂದದ ಕಣ್ಣು’ ಎಂದು ನೋಡಿದವರೆಲ್ಲ ಹೊಗಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಕಣ್ಣು ಕೆಂಪಾಗಿ ಬೆಳಕು ತಡೆಯದಾದಾಗ, ಕಳೆದ ಸಲ ಉಳಿದಿದ್ದ ಡ್ರಾಪ್ಸ್ ಹಾಕಬಹುದೇ?

ಉತ್ತರ: ಬೇಡ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೆಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಐರಿಸ್‌ನ ಉರಿಯೂತಕ್ಕೆ ಅದೇ ಮದ್ದು, ಆದರೆ ಹರ್ಪಿಸ್ ವೈರಸ್‌ನ ಹುಣ್ಣಿಗೆ ಹಾಕಿದರೆ ಹುಣ್ಣು ಹರಡಿ ಕಾರ್ನಿಯದಲ್ಲಿ ಕಲೆ ಉಳಿಯಬಹುದು. ಎರಡರಲ್ಲೂ ಕಣ್ಣು ಕೆಂಪು, ಎರಡರಲ್ಲೂ ಬೆಳಕು ಸೇರದು. ಕನ್ನಡಿಯಲ್ಲಿ ನೋಡಿ ವ್ಯತ್ಯಾಸ ಹೇಳಲಾಗದು. ಮರಗಟ್ಟಿಸುವ ಡ್ರಾಪ್ಸ್ ಅಂತೂ ಮನೆಯಲ್ಲಿ ಇಟ್ಟುಕೊಳ್ಳಲೇಬಾರದು, ಪದೇ ಪದೇ ಹಾಕಿದರೆ ಕಾರ್ನಿಯ ಕರಗುತ್ತದೆ. ಕಾಂಟಾಕ್ಟ್ ಲೆನ್ಸ್ ಹಾಕುವವರಾದರೆ ತಕ್ಷಣ ತೆಗೆದು, ಬಿಸಾಡದೆ ಡಬ್ಬಿಸಮೇತ ಆಸ್ಪತ್ರೆಗೆ ಒಯ್ಯಿರಿ. ಸೋಂಕು ಯಾವುದೆಂದು ಅದರಿಂದಲೇ ಪರೀಕ್ಷಿಸಬಹುದು.